ಸಾಲು ಮುಗಿದಾಗಿನ ಕೂಗು

ಫೆಬ್ರುವರಿ 28, 2025. ಶುಕ್ರವಾರ

ಸೋಮವಾರದಿಂದ ಸೋಲಾರ್ ಪಾರ್ಕಿನಲ್ಲಿ ಪೆಟ್ರೋಲ್ ಮಿಷನ್ ಬಂದ್. ಹುಲ್ಲು ಕತ್ತರಿಸಲು ಬ್ಯಾಟರಿ ಮಿಷನ್ ಬರುತ್ತವೆ, ನಾಲ್ಕು. ತಿಳಿಸಿದ್ದು ಸೈಟ್ ಎಂಜಿನಿಯರ್ ಪ್ರಭುದೇವ್, ಬೆಳಗ್ಗೆ 8.40ಕ್ಕೆ, ಫೋನಿನಲ್ಲಿ. ಕಾರಣವನ್ನೂ ಹೇಳಿದರು. ಹೋದ ವರ್ಷ ಸೈಲೆನ್ಸರ್ ಬಿಸಿಗೆ ಒಣಹುಲ್ಲು ಹತ್ತಿಕೊಂಡು ಹನ್ನೊಂದು ಸೋಲಾರ್ ಪ್ಯಾನಲ್ ಸುಟ್ಟಿದ್ದವು. ಒಪ್ಪತಕ್ಕ ಕಾರಣ.

ಊಟದ ಹೊತ್ತಿಗೆ ಹುಲ್ಲು ಕತ್ತರಿಸುವ ನಾಲ್ವರಿಗೂ ಹೇಳಿದೆ. ತೆಲುಗು ಬೆರೆಸಿ ಮಾತಾಡುವ ಕದರಪ್ಪ ಎದೆ ಮುಟ್ಟಿಕೊಂಡ. "ಅಯ್ಯೋ ದೇವುಡಾ, ಪೆಟ್ರೋಲ್ ವಾಸ್ನೆ ಇಲ್ದಿದ್ರೆ ನಂಗೆ ಮುದ್ದೆ ಇಳಿಯಾಕಿಲ್ಲಣ್ಣ." ಎಲ್ಲರೂ ನಕ್ಕರು.

ಓಬಯ್ಯ ನಗಲಿಲ್ಲ. "ಸದ್ದು ಬತ್ತದಾ ಅದ್ರಲ್ಲಿ?"

ಬರಲ್ಲ ಎಂದೆ.

"ಮತ್ತೆ ಹೆಂಗೆ?"

ಏನು ಹೆಂಗೆ ಎಂದು ಕೇಳಲಿಲ್ಲ. ಫೋನ್ ಬಂತು.

ಮಾರ್ಚ್ 3. ಸೋಮವಾರ

ಮಿಷನ್‌ಗಳು 9.15ಕ್ಕೆ ಬಂದವು. ಮಿಷನ್‌ಗೆರಡು ಬ್ಯಾಟರಿ. ಮಿಷನ್ ಯಾವಾಗ ಓಡಿತು, ಯಾವಾಗ ನಿಂತಿತು ಎಂದು ಮೊಬೈಲ್‌ನಲ್ಲಿ ಬರುತ್ತದಂತೆ. ನನ್ನ ಮೊಬೈಲ್‌ಗೂ ಹಾಕಿಕೊಟ್ಟರು.

ಒಳ್ಳೆಯದನ್ನು ಮೊದಲು ಬರೆಯಬೇಕು. ಹೊಗೆ ಇಲ್ಲ. ಕೈ ನಡುಗುವುದಿಲ್ಲ — ಸಂಜೆ ರೇಣುಕಯ್ಯ ಲೋಟದ ತುಂಬ ಟೀ ಹಿಡಿದು ಒಂದು ತೊಟ್ಟೂ ಚೆಲ್ಲದೆ ಕುಡಿದ. ಆರು ವರ್ಷದಲ್ಲಿ ಇದೇ ಮೊದಲು. ಮಧ್ಯಾಹ್ನ ಗೌಜಲಹಕ್ಕಿ ಕೂಗಿದ್ದು ಶೆಡ್ಡಿಗೇ ಕೇಳಿಸಿತು.

ತೊಂದರೆ ನನ್ನದು. ಪ್ಯಾನಲ್ ಆಳೆತ್ತರ. ಒಂದು ಸಾಲಿನಲ್ಲಿ ಇರುವವನು ಪಕ್ಕದ ಸಾಲಿಗೆ ಕಾಣುವುದಿಲ್ಲ. ಇಷ್ಟು ದಿನ ಶೆಡ್ಡಿನಲ್ಲಿ ಕುಳಿತು ಕಿವಿಯಲ್ಲೇ ಸೂಪರ್‌ವೈಸರ್ ಕೆಲಸ ಮಾಡಿದ್ದೆ. ನಾಲ್ಕು ಮಿಷನ್, ನಾಲ್ಕು ಸದ್ದು. ಓಬಯ್ಯನದು ನಡುನಡುವೆ ಕೆಮ್ಮುತ್ತಿತ್ತು. ಸಾಲು ಮುಗಿದಾಗ ಪ್ರತಿಯೊಬ್ಬನೂ ಎರಡು ಸಲ ಆಕ್ಸಿಲರೇಟರ್ ಒತ್ತುವುದು ರೂಢಿ. ಗುರ್, ಗುರ್. ಅದಕ್ಕೆ ಉತ್ತರವಾಗಿ ಮಿಕ್ಕ ಮೂವರೂ ಒತ್ತುತ್ತಿದ್ದರು. ಯಾರೂ ಹೇಳಿಕೊಟ್ಟದ್ದಲ್ಲ. ಒಂದು ಸದ್ದು ಹತ್ತು ನಿಮಿಷ ನಿಂತರೆ ಎದ್ದು ಹೋಗಿ ನೋಡುತ್ತಿದ್ದೆ.

ಇಂದು ಆರು ಸಲ ಎದ್ದೆ. ಎಲ್ಲರೂ ಕೆಲಸದಲ್ಲೇ ಇದ್ದರು.

ಮಾರ್ಚ್ 5. ಬುಧವಾರ

ಓಬಯ್ಯ ದಾರಿ ಹುಡುಕಿದ್ದಾನೆ. ಸಾಲು ಮುಗಿದ ಕೂಡಲೇ ಕೂಗುತ್ತಾನೆ: "ಹೋ... ಓಯ್." ಕುರಿ ತಿರುಗಿಸುವ ಕೂಗು. ಈ ಜಮೀನೆಲ್ಲ ಲೀಸಿಗೆ ಹೋಗುವ ಮುಂಚೆ ಇಲ್ಲೇ ಅರವತ್ತು ಕುರಿ ಮೇಯಿಸುತ್ತಿದ್ದವನು. ಸಾಲು 14ರ ಕೊನೆಯಲ್ಲಿ ಅವನ ಹುಣಸೆಮರ ಇತ್ತಂತೆ. ಈಗ ಅಲ್ಲಿ ಕೇಬಲ್ ಪೆಟ್ಟಿಗೆ.

ಮಿಕ್ಕವರೂ ಶುರು ಮಾಡಿದರು. ಕದರಪ್ಪ ಕೂಗಿದ್ದಕ್ಕೆ ರೇಣುಕಯ್ಯ ಎರಡು ಸಾಲು ಆಚೆಯಿಂದ — "ಲೇ, ಅದು ಕೂಗಲ್ಲ ಕಣ್ಲಾ, ಎಮ್ಮೆ ಕರು ಹಾಕೋ ಸದ್ದು!"

"ನಿಮ್ಮೂರ ಎಮ್ಮೆ ಬಂದ್ಬುಡ್ತದೆ ನೋಡ್ಕೋ, ಜಾಗ್ರತ್ತ!"

ನಾಲ್ಕನೆಯವನು ಅಂಜಿನಮೂರ್ತಿ. ಅವನಿಗೆ ನಾಚಿಕೆ. ಸಿಳ್ಳೆ ಹಾಕಿದ.

ಮೂರು ಕೂಗು, ಒಂದು ಸಿಳ್ಳೆ. ಲೆಕ್ಕ ಸಿಕ್ಕಿತು. ಇಂದು ಒಂದು ಸಲವೂ ಏಳಲಿಲ್ಲ.

ಮಾರ್ಚ್ 12. ಬುಧವಾರ

ಕಂಪನಿಯವರು ವಿಡಿಯೋ ತೆಗೆಯಲು ಬಂದಿದ್ದರು. ಐದು ಜನ. ಒಬ್ಬರು ಮೈಕ್ ಕೋಲು ಹಿಡಿದಿದ್ದರು. ಸಾಲು ಮುಗಿದಂತೆಲ್ಲ ಕೂಗು. ಮೂರು ಸಲ ಕಟ್ ಮಾಡಿದರು.

ಪ್ರಭುದೇವ್ ನನ್ನನ್ನು ಪಕ್ಕಕ್ಕೆ ಕರೆದರು. "ಏನ್ರೀ ಜಯರಾಮು ಇದು? ಸೈಲೆಂಟ್ ಅಂತ ತೋರ್ಸೋಕೆ ವಿಡಿಯೋ. ಇವ್ರು ನೋಡಿದ್ರೆ ಕುರಿ ಸಂತೆ ಮಾಡ್ತಾವ್ರೆ."

ಹೋಗಿ ಹೇಳಿದೆ. ಕೂಗಬೇಡಿ ಎಂದೆ.

ಓಬಯ್ಯ ಹೆಲ್ಮೆಟ್ ಗಾಜು ಮೇಲೆತ್ತಿ ನಕ್ಕ. "ಮಿಷನ್ ಬಾಯಿ ಮುಚ್ಚಿಸಿದ್ರಿ, ಈಗ ನಂದಾ? ಆಯ್ತು ಬುಡಪ್ಪ."

ವಿಡಿಯೋ 12.20ಕ್ಕೆ ಮುಗಿಯಿತು.

ಮಾರ್ಚ್ 14. ಶುಕ್ರವಾರ

ಯಾರೂ ಕೂಗುತ್ತಿಲ್ಲ. ಮತ್ತೆ ಶುರು ಮಾಡಿ ಎಂದು ಹೇಳಬೇಕು. ಇಂದು ಚಾರ್ಜರ್ ಕೆಟ್ಟು ಅದರ ಹಿಂದೆಯೇ ದಿನ ಹೋಯಿತು.

ಮಾರ್ಚ್ 18. ಮಂಗಳವಾರ

38 ಡಿಗ್ರಿ. ಪ್ಯಾನಲ್ ನಡುವೆ ಇನ್ನೂ ಹೆಚ್ಚು. ಗಂಟೆಗೊಂದು ರೌಂಡ್ ಹಾಕಲು ನಿಶ್ಚಯಿಸಿ ರಿಜಿಸ್ಟರಿನಲ್ಲಿ ಹೊಸ ಕಾಲಂ ಎಳೆದೆ. ಇಂದು ಎಲ್ಲ ರೌಂಡೂ ಆಯಿತು.

ಕೂಗಿನ ವಿಷಯ... ರೌಂಡ್ ಇದ್ದರೆ ಬೇಕಿಲ್ಲವೇನೋ.

ಮಾರ್ಚ್ 20. ಗುರುವಾರ

ಓಬಯ್ಯ ತೀರಿಕೊಂಡ. ಹೇಳಿದ್ದು ಆಸ್ಪತ್ರೆಯ ಡಾಕ್ಟರ್, ಮಧ್ಯಾಹ್ನ 2.35ಕ್ಕೆ. ಬಿಸಿಲಿನ ಹೊಡೆತ ಇರಬೇಕು, ಪೋಸ್ಟ್‌ಮಾರ್ಟಂ ಆಗಬೇಕು ಎಂದರು.

11ರ ರೌಂಡ್ ಹಾಕಿದ್ದೆ. ಸಾಲು 13ರಲ್ಲಿದ್ದ. ಕೈ ಎತ್ತಿದ. 12ರ ರೌಂಡ್ ಹಾಕಲಿಲ್ಲ. ಶೆಡ್ಡಿನಲ್ಲಿ ಬ್ಯಾಟರಿ ರಿಪೋರ್ಟ್ ತುಂಬುತ್ತಿದ್ದೆ. ಬಹಳ ಪ್ರಶಾಂತವಾಗಿತ್ತು. 12.50ಕ್ಕೆ ಊಟಕ್ಕೆ ಮೂವರು ಬಂದರು.

"ಓಬಯ್ಯ ಎಲ್ಲಿ?" ಎಂದೆ.

"ನಿಮ್ ಜತೆ ಅವ್ನೆ ಅನ್ಕೊಂಡ್ವಿ" ಎಂದ ರೇಣುಕಯ್ಯ.

ಸಾಲು 14ರ ಕೊನೆ. ಕೇಬಲ್ ಪೆಟ್ಟಿಗೆಗೆ ಒರಗಿದ್ದ. ಮಿಷನ್ ಪಕ್ಕದಲ್ಲಿ ಮಲಗಿಸಿಟ್ಟಿದ್ದ, ನೀಟಾಗಿ. ಮೈ ಸುಡುತ್ತಿತ್ತು, ಬೆವರು ಇರಲಿಲ್ಲ. ಕದರಪ್ಪ ಕೊಡದ ನೀರನ್ನೆಲ್ಲ ತಲೆಗೆ ಸುರಿದ. "ಓಬನ್ನಾ, ಲೇಯ್ ಓಬನ್ನಾ..." ಎನ್ನುತ್ತಲೇ ಇದ್ದ. ಜೀಪ್ ಹತ್ತಿಸುವಾಗ ಉಸಿರಿತ್ತು.

ಮೊಬೈಲ್ ತೆಗೆದು ನೋಡಿದೆ. ಮಿಷನ್ ನಂಬರ್ 3, ನಿಂತ ಸಮಯ 11.38. ಆಗಲೇ ಬಂದಿತ್ತು. ನಾನು ನೋಡಿರಲಿಲ್ಲ.

ಪೆಟ್ರೋಲ್ ಮಿಷನ್ ಆಗಿದ್ದರೆ 11.48ಕ್ಕೆ ಎದ್ದಿರುತ್ತಿದ್ದೆ.

ಮಾರ್ಚ್ 22. ಶನಿವಾರ

ಪೇಪರಿನಲ್ಲಿ ನಾಲ್ಕು ಸಾಲು, ಐದನೇ ಪುಟ. ಹೆಸರು ಓಬಳಯ್ಯ ಎಂದು ಹಾಕಿದ್ದಾರೆ. ವಯಸ್ಸು 65. ಎರಡೂ ತಪ್ಪು. ಓಬಯ್ಯ, 57.

ಮಾರ್ಚ್ 27. ಗುರುವಾರ

ಪ್ರಭುದೇವ್ ಶೆಡ್ಡಿಗೆ ಬಂದಿದ್ದರು. ಕೊರಟಗೆರೆಯಿಂದ ನೇರ ಬಂದೆ, ತಿಂಡಿ ತಿಂದಿಲ್ಲ ಎಂದರು. ಮುಖ ಬಾಡಿತ್ತು. ಕೆಟ್ಟ ಮನುಷ್ಯನಲ್ಲ. ರಿಜಿಸ್ಟರ್ ಕೇಳಿದರು. 20ನೇ ತಾರೀಖಿನ 12ರ ಕಾಲಂ ಖಾಲಿ.

"ಇದೊಂದು ಟಿಕ್ ಹಾಕ್ಬಿಡಿ ಜಯರಾಮು. ನಿಮ್ಗೂ ಒಳ್ಳೇದು. ಅವ್ರ ಮನೆಯವ್ರಿಗೆ ಪರಿಹಾರ ಅಂತೂ ಬಂದೇ ಬರುತ್ತೆ."

ನೋಡೋಣ ಸಾರ್ ಎಂದೆ. ಪೆನ್ ಟೇಬಲ್ ಮೇಲೆ ಬಿಟ್ಟು ಹೋದರು.

ಏಪ್ರಿಲ್ 2. ಬುಧವಾರ

ಇಂದು ಓಬಯ್ಯನ ಮನೆಗೆ ಹೋದೆ. ಹದಿಮೂರು ದಿನ ಹೋಗದೆ ಇದ್ದೆ. ಅವನ ಹೆಂಡತಿ ಗೌರಕ್ಕ ಜಗಲಿಯಲ್ಲಿ ಅವರೆಕಾಳು ಕೇರುತ್ತಿದ್ದಳು. ಮೊರ ಕೆಳಗಿಟ್ಟು ಚಾಪೆ ಹಾಕಿದಳು. ಹೊಂಗೆಮರಕ್ಕೆ ಅವನ ಹೆಲ್ಮೆಟ್ ತಗುಲಿಹಾಕಿತ್ತು.

ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ.

"ಒಂದು ಮಾತು ಕೇಳ್ತೀನಿ ಜಯರಾಮಣ್ಣ. ತಲೆ ಸುತ್ತಿದ್ರೆ ಅವ್ನು ಕೂಗೋನು. ಕುರಿ ಹಿಂದೆ ಹೋದಾಗ್ಲೂ ಅಷ್ಟೇ, ಕಾಲು ಮುಳ್ಳಿಗೆ ಬಿದ್ರೂ ಕೂಗೋನು. ಮನೆತಂಕ ಕೇಳ್ಸೋದು. ಮೂವತ್ತು ವರ್ಷ ಕೇಳಿವ್ನಿ. ಅವತ್ತು ಯಾಕೆ ಕೂಗ್ಲಿಲ್ಲ?"

ಚಾಪೆಗೆ ಉರುಳಿದ್ದ ಕಾಳೊಂದನ್ನು ಎತ್ತಿ ಮೊರಕ್ಕೆ ಹಾಕಿದೆ.

"ನೀವಿದ್ದ ಶೆಡ್ಡು ದೂರ ಇತ್ತಾ?"

"ಇಲ್ಲ ಕಣಮ್ಮ. ದೂರ ಇರ್ಲಿಲ್ಲ."

"ಮತ್ಯಾಕೆ?"

ಮಜ್ಜಿಗೆ ಕೊಟ್ಟಳು. ಕುಡಿದು ಬಂದೆ.

ಏಪ್ರಿಲ್ 3. ಗುರುವಾರ

ವಿಡಿಯೋ ದಿನ "ಇವತ್ತಿಗೆ ಮಾತ್ರ ಕೂಗಬೇಡಿ" ಎಂದೆ ಅಂತಲೇ ನೆನಪು. ರೇಣುಕಯ್ಯನನ್ನು ಕೇಳಿದೆ. "ಅಂಗಂದಿದ್ರೆ ನಾವು ಮಾರನೇ ದಿನ ಕೂಗ್ತಿದ್ವಲ್ಲಣ್ಣ" ಎಂದ.

ಈ ಪುಸ್ತಕವನ್ನೇ ತೆಗೆದು ನೋಡಿದೆ. ಮಾರ್ಚ್ 12. "ಕೂಗಬೇಡಿ ಎಂದೆ." ಅಷ್ಟೇ ಇದೆ. ಇವತ್ತಿಗೆ ಎಂಬ ಪದ ಇಲ್ಲ.

ಏಪ್ರಿಲ್ 6. ಭಾನುವಾರ. ಸಂಜೆ 5

ಓಬಯ್ಯನ ಸಾವಿನ ವಿಚಾರಣೆ ನಾಳೆ. ನೋಟಿಸ್ ತಂದುಕೊಟ್ಟದ್ದು ಅಂಜಿನಮೂರ್ತಿ. ಹೇಳಿಕೆಯ ಫಾರಂ ಎರಡು ಪುಟ. ನೀರು ಇತ್ತೇ, ನೆರಳು ಇತ್ತೇ, ರೌಂಡ್ ಎಷ್ಟು ಗಂಟೆಗೆ, ಮಿಷನ್ ಯಾವುದು — ಎಲ್ಲಕ್ಕೂ ಪ್ರಶ್ನೆ ಇದೆ. ಕೂಗಿನ ಬಗ್ಗೆ ಇಲ್ಲ. ನಾನು ಹೇಳದಿದ್ದರೆ ಯಾರೂ ಕೇಳುವುದಿಲ್ಲ. ಮಿಕ್ಕ ಮೂವರೂ ಹೇಳುವುದಿಲ್ಲ. ಕದರಪ್ಪ ನಿನ್ನೆಯೇ ಹೇಳಿದ: "ನಿನ್ ಹೆಸ್ರು ನಮ್ ಬಾಯಲ್ಲಿ ಬರಾಕಿಲ್ಲ, ಬುಡಣ್ಣ."

12ರ ಕಾಲಂಗೆ ಟಿಕ್ ಹಾಕಿಲ್ಲ. ಪೆನ್ ಪ್ರಭುದೇವ್ ಅವರಿಗೆ ಹಿಂದಿರುಗಿಸಿದೆ.

ಎರಡನೇ ಪುಟದ ಕೆಳಗೆ ಮೂರು ಗೆರೆ ಖಾಲಿ ಬಿಟ್ಟಿದ್ದಾರೆ, "ಇತರೆ" ಎಂದು. ಒಂದು ಗೆರೆ ತುಂಬಿದ್ದೇನೆ: ಕೂಗಬೇಡಿ ಎಂದದ್ದು ನಾನು.

ನಾಳೆ ಬೆಳಗ್ಗೆ 11ಕ್ಕೆ, ಮಧುಗಿರಿ. ಹೇಳಿಕೆ ಓದುವಾಗ ಗೌರಕ್ಕನೂ ಕೋಣೆಯಲ್ಲಿ ಇರುತ್ತಾಳೆ. 7.20ರ ಬಸ್‌ಗೆ ಹೊರಡಬೇಕು.