ನೀನು ನಡೆದ ದಾರಿ ಕುರಿಗಳದು

ಧೊಂಡಿಬಾ ಕಾಕಾ,

ಸಾವಿರಾರು ಮಂದಿ ನಿನ್ನನ್ನು ಗುರುಗಳು ಎನ್ನುತ್ತಾರೆ. ನನ್ನ ಕೈಗೆ ಆ ಪದ ಬರುತ್ತಿಲ್ಲ. ನಿನ್ನ ಅಣ್ಣನ ಮಗಳಾಗಿಯೇ ಬರೆಯುತ್ತೇನೆ.

ನಿನ್ನ ಬಳಗದ ಕಾರ್ಯದರ್ಶಿ ಮಡೆಪ್ಪ ಹೋದ ವಾರ ಔರಾದಿನ ನಮ್ಮ ಮನೆಗೆ ನಿನ್ನ ಚರಿತ್ರೆಯ ಕರಡು ತಂದಿದ್ದರು. ಬಾಲ್ಯ ಮತ್ತು ಸಂಚಾರದ ಅಧ್ಯಾಯವೆಲ್ಲ ನಿಜವೆಂದು ಮನೆಯವರ ಪರವಾಗಿ ನಾನು ಸಹಿ ಹಾಕಬೇಕಂತೆ.

ಓದಿದೆ. ಔರಾದಿನಿಂದ ಭಾಲ್ಕಿ, ಅಲ್ಲಿಂದ ಕಮಠಾಣ, ಬೀದರ. ದೇವರ ಕರೆ ಕೇಳಿ ಒಬ್ಬನೇ ಬರಿಗಾಲಲ್ಲಿ ನಡೆದೆಯಂತೆ. ಭಾಲ್ಕಿಯ ಹತ್ತಿರ ಬೇವಿನ ಮರದ ಕೆಳಗೆ ಹನ್ನೊಂದು ದಿನ ಮೌನ ಹಿಡಿದೆಯಂತೆ. ಕಾಕಾ, ಆ ಮರವಿದ್ದ ಹೊಲ ಬಾಬುಮಿಯಾ ಅವರದು. ಗೊಬ್ಬರಕ್ಕೆಂದು ನಮ್ಮ ಕುರಿಮಂದೆಯನ್ನು ಹೊಲದಲ್ಲಿ ತಂಗಿಸಿಕೊಂಡು ಜೋಳ ಕೊಟ್ಟಿದ್ದರು. ಹೊಲ ದೊಡ್ಡದು, ಅದಕ್ಕೇ ಹನ್ನೊಂದು ದಿನ. ಮೌನವೆಲ್ಲಿ ಬಂತು? "ಏ ಧೊಂಡಿಬಾ, ನಿನಕಿಂತ ನಿನ್ನ ಟಗರು ಛಲೋ, ಮೇಯೋವಾಗರ ಸುಮ್ಮ ಇರ್ತದ" ಎಂದು ಅವರು ನಕ್ಕಿದ್ದು ನಿನಗೆ ನೆನಪಿಲ್ಲವೆ? ಮಂದೆಯ ಮುಂದೆ ದಾರಿ ಹಿಡಿದು ನಡೆಯುತ್ತಿದ್ದವಳು ಆಯಿ, ನಿನ್ನನ್ನು ಹೆತ್ತ ಅಂಜನಾಬಾಯಿ. ಈಗ ನಿನ್ನ ಭಕ್ತರು ಪಾದಯಾತ್ರೆ ಮಾಡುವುದು ಅವಳು ಹುಲ್ಲು ನೋಡಿ ಆರಿಸಿದ ದಾರಿಯಲ್ಲಿ.

ಕಮಠಾಣದಲ್ಲಿ "ಬೀದರಕ್ಕ ಹೋಗಿ ಸಂಜಿಗಿ ಬರ್ತೇನಿ, ಕುರಿ ನೋಡ್ಕೋ" ಎಂದು ನನಗೆ ಹೇಳಿ ಹೋದವನು ನೀನು, ಮರಳಿ ಬರಲಿಲ್ಲ. ನಾನಾಗ ಒಂಬತ್ತನೆಯ ತರಗತಿ, ದೀಪಾವಳಿ ರಜೆ. ಮತ್ತೆ ನಾನು ಶಾಲೆಗೆ ಹೋಗಲಿಲ್ಲ. ಅದಕ್ಕೆ ನಿನ್ನೊಬ್ಬನನ್ನೇ ದೂರುವುದಿಲ್ಲ. ಗಣಿತ ನನಗೂ ಸಾಕಾಗಿತ್ತು. ಎರಡು ವರ್ಷ ಕುರಿ ಕಾಯ್ದೆ, ಆಮೇಲೆ ಬೀದರ ಹತ್ತಿರದ ಕೊಳಾರದಲ್ಲಿ ಗೋದಾಮಿನ ಕೆಲಸ, ಅಂಗಡಿ ಕೆಲಸ, ಎಲ್ಲೂ ನಿಲ್ಲಲಾಗಲಿಲ್ಲ. ಆದರೆ ಎಲ್ಲೇ ಹೋದರೂ ಆಯಿಗೆ ಹೇಳಿ ಹೋಗಿದ್ದೇನೆ.

ಇಷ್ಟನ್ನೂ ನುಂಗಿಕೊಳ್ಳುತ್ತಿದ್ದೆನೇನೋ. ಆದರೆ ಕರಡಿನ ಮೂರನೆಯ ಪುಟದ ಅಂಚಿನಲ್ಲಿ ಪೆನ್ನಿನಿಂದ ಸೇರಿಸಿದ ಸಾಲೊಂದಿತ್ತು: 'ಹುಟ್ಟಿದ ವರ್ಷವೇ ತಾಯಿ ತೀರಿಕೊಂಡಳು.' ಕುರಿ ಮೇಯುವಾಗ ಮಣ್ಣಿನಲ್ಲಿ ಬರೆದು ನನಗೆ ಅಕ್ಷರ ಕಲಿಸಿದವನು ನೀನು. ನಿನ್ನ ಕೈಬರಹ ನನಗೆ ತಿಳಿಯದೆ?

ಈ ಚರಿತ್ರೆ ಬಿಡುಗಡೆಯಾಗುವ ಬೀದರದ ಸಮಾವೇಶಕ್ಕೆಂದು ಆಯಿ ಹಸಿರು ಸೀರೆ ತೆಗೆದಿಟ್ಟಿದ್ದಳು. ಆರು ವರ್ಷದ ಮೇಲೆ ಮಗನ ಮುಖ ನೋಡುವ ಆಸೆ. "ಮುದುಕಿಗಿ ಕರ್ಕೊಂಡು ಬರಬ್ಯಾಡ್ರಿ, ಪುಸ್ತಕ ಓದಿದ ಮಂದಿ ಏನಂದಾರು" ಎಂದು ಹೇಳಿ ಮಡೆಪ್ಪ ಹೊರಟುಹೋದರು. ಯಾಕೆಂದು ಆಯಿ ಕೇಳಿದಾಗ ಆ ಸಾಲು ಓದಿ ಹೇಳಬೇಕಾಯಿತು. "ಅವರು ಬರದಾರೋ, ನನ್ನ ಮಗನೇ ಬರದಾನೋ?" ಎಂದು ಕೇಳಿದಳು. ನೀನೇ ಎಂದೆ. ಸುಳ್ಳು ಹೇಳಿದ್ದರೆ ಅವಳಿಗೆ ಒಳ್ಳೆಯದಿತ್ತೇನೋ. ನನ್ನಿಂದಾಗಲಿಲ್ಲ.

ಆಯಿ ನಕ್ಕುಬಿಟ್ಟಳು. "ಯಾವ ತಿಂಗಳಾಗ ಸತ್ತೆ ಅಂತ ಬರದಾನೇನು?" ಆಮೇಲೆ ಎದ್ದು ಸೀರೆಯನ್ನು ಟ್ರಂಕಿನಲ್ಲಿಟ್ಟಳು. "ನಾ ಹ್ವಾದ್ರ ಮಂದಿ ಅವನಿಗಿ ಸುಳ್ಳ ಅಂತಾರ. ಬ್ಯಾಡ."

ನಿನ್ನ ಸುಳ್ಳನ್ನು ಕಾಯಲು ಅವಳು ಸತ್ತವಳಾಗಲೂ ಒಪ್ಪಿದಳು. ನಾನು ಒಪ್ಪುವುದಿಲ್ಲ. ಕರಡನ್ನು ಸಹಿಯಿಲ್ಲದೆ ಹಿಂದಿರುಗಿಸುತ್ತಿದ್ದೇನೆ. ಯಾರು ಬಂದು ಕೇಳಿದರೂ ಆಯಿ ಒಳಗಿದ್ದಾಳೆ, ಮಾತಾಡಿಸಿ ಎನ್ನುತ್ತೇನೆ.

"ನನ್ನ ಆಶೀರ್ವಾದ ಬರಿ, ಹೊತ್ತಿಗಿ ಸರಿ ಉಣ್ಣು ಅಂತನೂ ಬರಿ" ಎಂದು ಪಕ್ಕದಲ್ಲೇ ಕುಳಿತು ಹೇಳುತ್ತಿದ್ದಾಳೆ. ಬರೆದಿದ್ದೇನೆ. ನನ್ನ ಕಡೆಯಿಂದ ಹಾರೈಸಲು ಏನೂ ಇಲ್ಲ.

ನಿನ್ನ ತಾಯಿ ಬದುಕಿರುವ ಮನೆಯಿಂದ,
ಕಾಜಲ