ಬೋರಾಮಣಿಯ ಸಾಕ್ಷಿ

ವಿಜಾಪುರ ರಸ್ತೆ, ಸೊಲ್ಲಾಪುರ
೧೪ ಡಿಸೆಂಬರ್ ೨೦೨೪

ಪ್ರೀತಿಯ ಶ್ರದ್ಧಾ,

ಅಕ್ಕಲಕೋಟೆಯ ಈ ಚಳಿಯಲ್ಲಿ ನೀನೂ ಮಗಳೂ ಬೆಚ್ಚಗಿದ್ದೀರೆಂದು ನಂಬಿದ್ದೇನೆ. ಇಷ್ಟು ವರ್ಷ ಒಂದು ಸಾಲೂ ಬರೆಯದಿದ್ದುದಕ್ಕೆ ಬೈಯಬೇಡ. ಜಿನೀವಾದಲ್ಲಿ ಅಂತರರಾಷ್ಟ್ರೀಯ ಕಾನೂನು ಕಲಿಸುತ್ತ, ಊರೂರಿನವರ ಹಕ್ಕುಗಳ ಬಗ್ಗೆ ಬರೆಯುತ್ತ, ಕನ್ನಡದಲ್ಲಿ ಬರೆಯುವುದೇ ಅಪರೂಪವಾಗಿದೆ.

ಸುದ್ದಿ ಕೇಳು. ಕಳೆದ ವಾರ ಇಲ್ಲಿ ನಮ್ಮ ಪಿಎಚ್‌.ಡಿ. ಗೈಡ್ ಯೋಗಿರಾಜ ಸರ್ ಅವರಿಗೆ ಸತ್ಕಾರವಿತ್ತು. ಹೊಲ ಕಳೆದುಕೊಂಡ ವಿಧವೆಯರ ಹಕ್ಕುಗಳ ಮೇಲಿನ ಆ ಪುಸ್ತಕಕ್ಕೆ ಪ್ರಶಸ್ತಿ! ನನ್ನ ಪಿಎಚ್‌.ಡಿ. ಪ್ರಬಂಧವನ್ನೇ ಅವರು ತಮ್ಮ ಹೆಸರಿನಲ್ಲಿ ಅಚ್ಚು ಹಾಕಿಸಿದ್ದು ಸಂಘಟಕರಿಗೆ ಗೊತ್ತಿರಲಿಲ್ಲ. ಸರ್ ಅವರ ಹಳೆಯ ವಿದ್ಯಾರ್ಥಿನಿಯೆಂದು ನನ್ನನ್ನೇ ಮುಖ್ಯ ಅತಿಥಿಯಾಗಿ ಕರೆದರು. ಕುಣಿಯುತ್ತ ಒಪ್ಪಿಕೊಂಡೆ. ಬರುವಾಗ ಬೋರಾಮಣಿ ಹಳ್ಳಿಯಿಂದ ಸೋನಾಬಾಯಿಯನ್ನು ಕರೆತಂದೆ. ಆಕೆಯ ಹೊಲ ಕಾರ್ಖಾನೆಯ ಪಾಲಾದ ಕಥೆಯೇ ಪುಸ್ತಕದ ಮೊದಲ ಅಧ್ಯಾಯ.

ಸೋನಾಬಾಯಿಯ ಅಂಗಳದಲ್ಲಿ ಕೂತು ತಾವೂ ಅತ್ತದ್ದನ್ನು ಸರ್ ಭಾಷಣದಲ್ಲಿ ವರ್ಣಿಸಿದರು. ನಾನು ಮೈಕು ಹಿಡಿದು ಮುಂದಿನ ಸಾಲಿಗೆ ಇಳಿದೆ.

“ಆಯಿ, ಇವರು ನಿಮ್ಮ ಮನಿಗಿ ಯಾವಾಗ ಬಂದಿದ್ರು?”

ಆಕೆ ಸೆರಗು ಸರಿಮಾಡಿಕೊಂಡು ಎದ್ದಳು. “ಈ ಸಾಹೇಬರ್ನ ಇವತ್ತ ನೋಡಾಕತ್ತೀನಿ. ನಾ ಅಳೂವಾಗ ನನ್ನ ಬಾಜೂಕ ಕುಂತಾಕಿ ನೀನ ಅಲ್ಲೇನವ್ವಾ?”

“ಅದು... ವಿದ್ಯಾರ್ಥಿಗಳು ಮಾಡ್ಯಾರ,” ಎಂದರು ಸರ್.

“ಯಾವ ವಿದ್ಯಾರ್ಥಿ ಸರ್? ಹೆಸರು ಹೇಳ್ರಿ.”

ಸರ್ ನೀರು ಕುಡಿದರು. ಮತ್ತೆ ಕೇಳಿದೆ. ಬಿಡಲಿಲ್ಲ. ಕಡೆಗೆ ನನ್ನ ಹೆಸರು ಅವರ ಬಾಯಿಂದಲೇ ಬಂತು. ಶಾಲನ್ನು ಕುರ್ಚಿಯ ಮೇಲೆ ಬಿಟ್ಟು ಹಿಂದಿನ ಬಾಗಿಲಿನಿಂದ ಹೋದರು. ಸಂಘಟಕರು ಪ್ರಶಸ್ತಿಯನ್ನು ತಡೆಹಿಡಿದಿದ್ದಾರೆ. ಅಂದು ನನ್ನ ದೂರನ್ನು ತಳ್ಳಿಹಾಕಿದ ವಿಶ್ವವಿದ್ಯಾಲಯದ ವಿಚಾರಣಾ ಸಮಿತಿಯೂ ಮುಂದಿನ ತಿಂಗಳು ಮತ್ತೆ ಕೂರಲಿದೆ. ಅವರ ಮೇಲೆ ಕರುಣೆ ಬಂದೀತೆಂದು ಕಾದೆ, ಬರಲಿಲ್ಲ. ಒಂದು ರೊಟ್ಟಿ ಹೆಚ್ಚೇ ಉಂಡೆ.

ಮಗಳು ಚೆನ್ನಾಗಿ ಓದಲಿ. ಅವಳ ದುಡಿಮೆಯ ಮೇಲೆ ಬೇರೆ ಯಾರ ಹೆಸರೂ ಬೀಳದಿರಲಿ.

ನಿನ್ನ
ಪ್ರಾಜಕ್ತಾ

ತಾ.ಕ.: ಊರಿಗೆ ಬಿಡಲು ಹೋದಾಗ ಸೋನಾಬಾಯಿ ಕೇಳಿದಳು: “ತನ್ನ ಸ್ಕೂಟಿ ಮ್ಯಾಲ ನಿನ್ನ ಕರ್ಕೊಂಡು ಬರ್ತಿದ್ದ ಗೆಳತಿ ಎಲ್ಲಿ ಅದಾಳವ್ವಾ?” ಸರ್ ಕೊಡಿಸಿದ ನೌಕರಿಯಲ್ಲಿ, ಅಕ್ಕಲಕೋಟೆಯ ಕಾಲೇಜಿನಲ್ಲಿ ಇದ್ದಾಳೆ ಎಂದೆ. ಅಂದು ಸಮಿತಿಯ ಮುಂದೆ ನೀನು, “ಪ್ರಾಜಕ್ತಾ ಬರೇ ಟೈಪ್ ಮಾಡ್ಯಾಳ್ರಿ, ಬರ್ದಾವ್ರು ಸರ್,” ಎಂದದ್ದನ್ನು ಹೇಳಲಿಲ್ಲ. ನನ್ನ ಮುಖವನ್ನೂ ನೋಡದೆ ಹೊರಟುಹೋದೆಯಲ್ಲ, ಅದನ್ನೂ ಹೇಳಲಿಲ್ಲ. ಸರ್ ನನಗೆ ಯಾರೂ ಅಲ್ಲ, ಶ್ರದ್ಧಾ; ನೀನು ಗೆಳತಿಯಾಗಿದ್ದೆ. ಈ ಸಲ ನೀನಾಗಿಯೇ ಬಂದು ನಿಜ ಹೇಳು. ಬರದಿದ್ದರೆ ಸೋನಾಬಾಯಿಯನ್ನು ನಿನ್ನ ಕ್ಲಾಸಿಗೇ ಕರೆತರುತ್ತೇನೆ.