ಮೊಣಕೈ ಮೇಲಿನ ಮೂರು ಚುಕ್ಕೆ

ವೈದ್ಯಕೀಯ ಕಾಲೇಜಿನ ಮಾನ್ಯ ಡೀನ್ ಸಾಹೇಬರೇ,

ನಿಮ್ಮ ಆಸ್ಪತ್ರೆಯಲ್ಲಿ ಒಬ್ಬ ಬಡವನ ಬಲಗೈಯನ್ನು ಆರು ಶನಿವಾರ ಪಾಠಕ್ಕೆ ಬಳಸಿಕೊಂಡರು. ಚಿಕಿತ್ಸೆ ಮಾತ್ರ ಕೊಡಲಿಲ್ಲ. ನನ್ನ ದೂರು ಇಷ್ಟೇ.

ಕೋಪರಖೈರಣೆಯಲ್ಲಿ ನನ್ನದೊಂದು ಸಣ್ಣ ಹೋಟೆಲಿದೆ. ಗುಲಬರ್ಗಾ ಕಡೆಯಿಂದ ಈ ಮರಾಠಿ ನಾಡಿಗೆ ದುಡಿಯಲು ಬಂದು ಹಿಂದಿನ ಚಾಳಿನ ಬಾಡಿಗೆ ಕೋಣೆಯಲ್ಲಿರುವ ಸೈದಪ್ಪ ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನಲ್ಲಿ ಹಮಾಲಿ. ಕಳೆದ ಜೂನ್‌ನಲ್ಲಿ ಲಾರಿಯಿಂದ ಬಿದ್ದು ಅವನ ಮೊಣಕೈ ಕೀಲು ತಪ್ಪಿತು. ಜೊತೆಗಿದ್ದ ಅವನ ಊರಿನವರೇ ಎಳೆದು ಪಟ್ಟಿ ಕಟ್ಟಿದರು, ಕೀಲು ಕೂರಲಿಲ್ಲ. ಹತ್ತನೇ ದಿನ ನಿಮ್ಮಲ್ಲಿಗೆ ಬಂದ. ಅವನಿಗೆ ಹಿಂದಿ ಅಷ್ಟಕ್ಕಷ್ಟೇ, ಹಾಗಾಗಿ ನಾನೂ ಜೊತೆಗೆ ಬಂದೆ. ಕಿರಿಯ ಡಾಕ್ಟರು ಎಕ್ಸ್‌ರೇ ನೋಡಿ "ಒಳ್ಳೇ ಕೇಸು" ಎಂದು ಸಂತೋಷಪಟ್ಟರು. ಪರೀಕ್ಷೆ ಹತ್ತಿರ ಬಂದಿರುವುದರಿಂದ ಕೊನೆಯ ವರ್ಷದವರಿಗೆ ಶನಿವಾರ ಎಲುಬು-ಕೀಲಿನ ಹೆಚ್ಚುವರಿ ಕ್ಲಾಸು ಇದೆ, ದೊಡ್ಡವರು ಬರುತ್ತಾರೆ, ಕರೆತನ್ನಿ ಎಂದರು. ನಾನು ಸೈದಪ್ಪನಿಗೆ ಹೇಳಿದ್ದು ಇಷ್ಟು: "ಶನಿವಾರ ದೊಡ್ಡ ಡಾಕ್ಟರ್ ನೋಡ್ತಾರಂತೆ, ಬಾ."

ನೋಡಿದರು, ಸುಳ್ಳಲ್ಲ. ಹದಿನೆಂಟು ವಿದ್ಯಾರ್ಥಿಗಳೂ ಸರದಿಯಲ್ಲಿ ನೋಡಿದರು. ಎಲುಬಿನ ಮೂರು ಮೂಲೆ ಒತ್ತಿ ಹುಡುಕಿ, ಪೆನ್ನಿನಿಂದ ಮೂರು ಚುಕ್ಕೆ ಇಟ್ಟು, ಅವು ಎಲ್ಲಿ ಇರಬೇಕಿತ್ತು, ಎಲ್ಲಿ ಇವೆ ಎಂದು ಚರ್ಚಿಸಿದರು. ಸೈದಪ್ಪ ಹಲ್ಲು ಕಚ್ಚಿ ಕೂತಿದ್ದ. ಹೊರಗೆ ಬಂದವನೇ, "ಅಣ್ಣಾರ, ಇಷ್ಟ್ ಮಂದಿ ಡಾಕ್ಟರ್ ಊರಾಗ ಗೌಡಗೂ ಸಿಗಂಗಿಲ್ಲರಿ" ಎಂದ. ಆ ಚುಕ್ಕೆಗಳೇ ಔಷಧದ ಗುರುತು ಎಂದು ನಂಬಿದ. ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಸ್ನಾನ ಮಾಡಿದ. ಹೆಂಡತಿ ದಾನಮ್ಮ ಅಲ್ಲಿಗೆ ಎಣ್ಣೆ ಸೋಕಿಸಲಿಲ್ಲ. ಮಸುಕಾದಾಗ ನನ್ನ ಗಲ್ಲಾಪೆಟ್ಟಿಗೆಯ ಹತ್ತಿರ ಬಂದು ಕೈ ಚಾಚಿದ. ಬಿಲ್ಲು ಬರೆಯುವ ಪೆನ್ನಿನಿಂದ ನಾನೇ ತಿದ್ದಿ ಕೊಟ್ಟೆ, ಡೀನ್ ಸಾಹೇಬರೇ. ಹತ್ತನೇ ತರಗತಿ ಪಾಸಾದ ನಾನು.

ಆರನೇ ಶನಿವಾರ ಒಬ್ಬ ಹುಡುಗಿ, "ಯೇ ಪೆಹಲೇಸೇ ಕಿಸ್ನೆ ಲಗಾಯಾ?" ಎಂದು, ಈ ಚುಕ್ಕೆ ಮೊದಲೇ ಇಟ್ಟವರು ಯಾರೆಂದು ಕೇಳಿದಳು. ಇಲ್ಲೇ ಹುಟ್ಟಿದ ಉಡುಪಿಯವರ ಮಗಳಂತೆ, ಕನ್ನಡ ಅರ್ಥವಾಗುತ್ತದೆ. ನಾನು ಹೆಮ್ಮೆಯಿಂದ ಎಲ್ಲ ಹೇಳಿದೆ. ಅವಳ ಮುಖ ಸಣ್ಣದಾಯಿತು. ಕಾರಿಡಾರಿಗೆ ಕರೆದು, "ಅಂಕಲ್, ಯೇ ಇಲಾಜ್ ನಹೀ ಹೈ. ಸಿರ್ಫ್ ಕ್ಲಾಸ್ ಹೈ" ಎಂದಳು. ಇದು ಚಿಕಿತ್ಸೆಯಲ್ಲ, ಬರೀ ಪಾಠ. ಮೂರು ವಾರದೊಳಗಾಗಿದ್ದರೆ ಕೊಯ್ಯದೆಯೇ ಕೂರಿಸಬಹುದಿತ್ತಂತೆ. ಈಗ ಆಪರೇಶನ್ನೇ ಆಗಬೇಕು, ಆದರೂ ಪೂರ್ತಿ ಮಡಚೀತೆಂದು ಹೇಳಲಾಗದು. ತಡ ಮಾಡಬಾರದೆಂದು ಗುರುಗಳು ಪ್ರತಿ ಶನಿವಾರ ಕಲಿಸುತ್ತಿದ್ದರಂತೆ, ಅದೇ ಕೈ ಹಿಡಿದುಕೊಂಡು. ಆ ಹುಡುಗಿಯ ಹೆಸರು ಕೇಳಬೇಡಿ. ಆ ಕೋಣೆಯಲ್ಲಿ ಡಾಕ್ಟರಾಗಿದ್ದವಳು ಅವಳೊಬ್ಬಳೇ.

ಹೆಚ್ಚುವರಿ ಕ್ಲಾಸು ಬೇಡ ಎನ್ನುವಷ್ಟು ಮೂರ್ಖ ನಾನಲ್ಲ. ಯಾರದೋ ಮೈಮೇಲೆ ಕಲಿಯಲೇಬೇಕು. ಆದರೆ ಈ ಮನುಷ್ಯನ ಚಿಕಿತ್ಸೆ ಯಾವಾಗ ಎಂದು ಯಾರೂ ಕೇಳಬಾರದಿತ್ತೇ? ಅದು ಸಿಲೆಬಸ್ಸಿನಲ್ಲಿ ಇಲ್ಲವೇ?

ಈಗ ಅವನ ಬಲಗೈ ಬಾಯಿಗೆ ಮುಟ್ಟುವುದಿಲ್ಲ. ದಾನಮ್ಮ ತುತ್ತು ಇಡುತ್ತಾಳೆ. ನನ್ನ ಹೋಟೆಲಿನಲ್ಲಾದರೆ ಗೋಡೆಗೆ ಮುಖ ಮಾಡಿ ಎಡಗೈಯಲ್ಲಿ ಉಣ್ಣುತ್ತಾನೆ. ದಸರೆವರೆಗೆ ಮಾತ್ರ ಅವನ ಜಾಗ ಕಾಯುತ್ತೇನೆ ಎಂದಿದ್ದಾನೆ ಹಮಾಲರ ಮೇಸ್ತ್ರಿ ಮುಕಾದಮ. ನನಗೆ ರಾತ್ರಿ ನಿದ್ದೆ ಇಲ್ಲ.

ಈ ವಾರವೇ ಅವನಿಗೊಂದು ಹಾಸಿಗೆ ಕೊಡಿ. ಇನ್ನು ಮುಂದೆ ಕ್ಲಾಸಿಗೆ ಯಾರ ಮೈ ಮುಟ್ಟುವ ಮೊದಲೂ ಚಿಕಿತ್ಸೆಯ ತಾರೀಕು ಬರೆಯಿರಿ, ಇದು ಪಾಠ ಎಂದು ಅವರ ಭಾಷೆಯಲ್ಲೇ ತಿಳಿಸಿ. ದುಭಾಷಿ ಬೇಕಾದರೆ ನಾನೇ ಬರುತ್ತೇನೆ, ಈ ಸಲ ಪೂರ್ತಿ ಕೇಳಿಕೊಂಡು ಹೇಳುತ್ತೇನೆ.

ನಿಜ ಸಂಗತಿ ತಿಳಿಸಿದ ದಿನ ಸೈದಪ್ಪ ಎಡಗೈ ಹೆಬ್ಬೆರಳಿನಿಂದ ಆ ಚುಕ್ಕೆಗಳನ್ನು ಒರೆಸಿಕೊಂಡ. ಆಮೇಲೆ ಕೇಳಿದ: "ಹೋಗ್ಲಿ ಬಿಡ್ರಿ ಅಣ್ಣಾರ. ಆ ಹುಡುಗ್ರರೆ ಪಾಸಾದ್ರೇನ್ರಿ?" ಅವನಿಗೆ ಏನು ಹೇಳಲಿ, ನೀವೇ ಬರೆದು ತಿಳಿಸಿ.

ಇಂತಿ,
ಆ ಚುಕ್ಕೆಗಳನ್ನು ತಿದ್ದಿಕೊಟ್ಟ
ಮುರಾರಿ, ಕೋಪರಖೈರಣೆ